ಕೀಲಿ ಸರಿಯಿದ್ದರೂ ತೆರೆಯದ ಸರ್ವರ್

ದೂರದಲ್ಲಿರುವ ಕಂಪ್ಯೂಟರಿಗೆ ಪಾಸ್‌ವರ್ಡ್ ಟೈಪ್ ಮಾಡದೆ, ಒಂದು ಜೋಡಿ ಕೀಲಿಗಳ ನೆರವಿನಿಂದ ಲಾಗಿನ್ ಆಗುವ ವ್ಯವಸ್ಥೆ ಲಿನಕ್ಸ್ ಸರ್ವರ್ ಇರುವ ಕಡೆಯೆಲ್ಲ ಬಳಕೆಯಲ್ಲಿದೆ. ಇದಕ್ಕೆ ಆಧಾರವಾದ ತಂತ್ರಾಂಶ ಸೆಕ್ಯೂರ್ ಶೆಲ್. ರೂಢಿಯ ಹೆಸರು ಎಸ್‌ಎಸ್‌ಎಚ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಇರುವ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಆಗಲಿ, ಐಐಟಿ ಹೈದರಾಬಾದಿನ ಪರಮ್ ಸೇವಾ ಆಗಲಿ, ಸಂಶೋಧಕರು ಆ ಸೂಪರ್ ಕಂಪ್ಯೂಟರುಗಳ ಎದುರು ಕೂತು ಕೆಲಸ ಮಾಡುವುದಿಲ್ಲ. ತಮ್ಮ ಮೇಜಿನಿಂದಲೇ ಎಸ್‌ಎಸ್‌ಎಚ್ ಮೂಲಕ ಒಳಹೋಗುತ್ತಾರೆ.

ಸಣ್ಣ ಕಾರ್ಖಾನೆಗಳಿಗೂ ಇದು ಬೇಕಾಗಿದೆ. ಹೈದರಾಬಾದಿನ ಬಾಲಾನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ, 1968ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್, ಉಪಗ್ರಹ ಚಿತ್ರಗಳನ್ನು ಸಂಸ್ಕರಿಸುವ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇಲ್ಲಿವೆ. ಅಚ್ಚು, ಡೈ, ಜಿಗ್, ಫಿಕ್ಸ್ಚರ್ ಮಾಡಿಕೊಡುವ ವರ್ಕ್‌ಶಾಪುಗಳು ಇಲ್ಲಿನ ಗಲ್ಲಿಗಲ್ಲಿಗಳಲ್ಲಿವೆ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯ ಜನರಿಗೆ ಕೆಲಸ ಹುಡುಕಿಕೊಂಡು ಈ ನಗರಕ್ಕೆ ಹೋಗುವುದು ಹಳೆಯ ದಾರಿ. ಇಂಥ ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಈಗ ಹಾಳೆಯ ಮೇಲಿಲ್ಲ, ಫೈಲಿನಲ್ಲಿದೆ. ಸಿಎನ್‌ಸಿ ಯಂತ್ರ ಓದುವ ಪ್ರೋಗ್ರಾಮೂ ಫೈಲೇ. ಹಗಲು ಬದಲಾದ ಫೈಲುಗಳು ರಾತ್ರಿ ತಾವಾಗಿಯೇ ಬೀದರಿನ ಶಾಖೆಯ ಸರ್ವರಿಗೆ ನಕಲಾಗಬೇಕೆಂದರೆ, ರಾತ್ರಿ ಎರಡು ಗಂಟೆಗೆ ಪಾಸ್‌ವರ್ಡ್ ಕೊಡಲು ಯಾರೂ ಎಚ್ಚರ ಇರುವುದಿಲ್ಲ. ಅಲ್ಲಿ ಕೀಲಿ ಬೇಕು. ತೊಂದರೆ ಶುರುವಾಗುವುದೂ ಅಲ್ಲೇ. ಕೀಲಿ ತಯಾರಾಗಿದೆ, ನಕಲೂ ಆಗಿದೆ, ಸೂಚನೆಯಲ್ಲಿದ್ದ ಒಂದು ಹೆಜ್ಜೆಯೂ ತಪ್ಪಿಲ್ಲ. ಆದರೂ ಸರ್ವರ್ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ.

ಎಸ್‌ಎಸ್‌ಎಚ್ ಹುಟ್ಟಿದ್ದು ಫಿನ್ಲೆಂಡಿನಲ್ಲಿ. ಅಲ್ಲಿಯವರೆಗೆ ದೂರದ ಕಂಪ್ಯೂಟರಿಗೆ ಹೋಗಲು ಟೆಲ್ನೆಟ್, ಆರ್‌ಲಾಗಿನ್ ಮುಂತಾದವು ಬಳಕೆಯಲ್ಲಿದ್ದವು. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬರೆದದ್ದು ಬರೆದಂತೆಯೇ ತಂತಿಯ ಮೇಲೆ ಸಾಗುತ್ತಿತ್ತು. ನಡುವೆ ಕದ್ದು ಕೇಳುವವರಿಗೆ ಅದನ್ನು ಓದಿಕೊಳ್ಳುವುದು ಕಷ್ಟವಿರಲಿಲ್ಲ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹಾಗೆಯೇ ಪಾಸ್‌ವರ್ಡ್ ಕಳವು ನಡೆದಾಗ, ಅಲ್ಲಿನ ಸಂಶೋಧಕ ತಾತು ಯುಲೋನೆನ್ ಎಲ್ಲ ಸಂವಹನವನ್ನೂ ಎನ್‌ಕ್ರಿಪ್ಟ್ ಮಾಡುವ ಹೊಸ ತಂತ್ರಾಂಶ ಬರೆದು, ಅದೇ ವರ್ಷ ಜುಲೈಯಲ್ಲಿ ಉಚಿತವಾಗಿ ಹಂಚಿದರು. ಅದಕ್ಕೆ ಸಿಕ್ಕಿದ ಪೋರ್ಟ್ ಸಂಖ್ಯೆ 22. ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಖಾಲಿ ಇದ್ದ ಜಾಗ. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಹೊರತಂದ ಓಪನ್ಎಸ್‌ಎಸ್‌ಎಚ್ ಈಗ ಬಹುತೇಕ ಸರ್ವರುಗಳಲ್ಲಿ ಇರುವ ರೂಪ.

ಕೀಲಿಗಳ ಹಿಂದಿನ ಗಣಿತ ಇದಕ್ಕಿಂತ ಹಳೆಯದು. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಜೋಡಿ ಕೀಲಿಗಳ ವಿಚಾರವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆಡಲ್‌ಮನ್ ಅದನ್ನು ಕಾರ್ಯಗತ ಮಾಡುವ ಆರ್‌ಎಸ್‌ಎ ವಿಧಾನವನ್ನು ರೂಪಿಸಿದರು. ಒಂದಕ್ಕೊಂದು ಗಣಿತದ ನಂಟಿರುವ ಎರಡು ಕೀಲಿಗಳಲ್ಲಿ ಒಂದು ಖಾಸಗಿ, ಇನ್ನೊಂದು ಸಾರ್ವಜನಿಕ. ಖಾಸಗಿ ಕೀಲಿಯಿಂದ ಸಾರ್ವಜನಿಕ ಕೀಲಿಯನ್ನು ಸುಲಭವಾಗಿ ಪಡೆಯಬಹುದು. ತಿರುಗಿ ಬರುವ ದಾರಿ ಇಲ್ಲವೆನ್ನುವಷ್ಟು ಕಠಿಣ. ಆದ್ದರಿಂದ ಸಾರ್ವಜನಿಕ ಕೀಲಿಯನ್ನು ಇಮೇಲಿನಲ್ಲಿ ಕಳಿಸಿದರೂ ನಷ್ಟವಿಲ್ಲ. ಖಾಸಗಿ ಕೀಲಿ ಮಾತ್ರ ಅದನ್ನು ತಯಾರಿಸಿದ ಕಂಪ್ಯೂಟರಿನಿಂದ ಹೊರಗೆ ಹೋಗಬಾರದು.

ಲಾಗಿನ್ ಸಮಯದಲ್ಲಿ ನಡೆಯುವುದು ಏನೆಂದು ತಿಳಿದರೆ ತೊಂದರೆಯ ಅರ್ಧ ಪಾಲು ತಾನಾಗಿ ತಿಳಿಯುತ್ತದೆ. ಮೊದಲು ಎರಡೂ ಕಂಪ್ಯೂಟರುಗಳು ಸೇರಿ ಒಂದು ಗುಟ್ಟಿನ ಸಂಖ್ಯೆಗೆ ಒಪ್ಪಿಕೊಂಡು, ಮುಂದಿನ ಮಾತುಕತೆಯನ್ನೆಲ್ಲ ಎನ್‌ಕ್ರಿಪ್ಟ್ ಮಾಡಿಕೊಳ್ಳುತ್ತವೆ. ಈ ಹಂತಕ್ಕೂ ಬಳಕೆದಾರರ ಕೀಲಿಗೂ ಸಂಬಂಧವಿಲ್ಲ. ಪಾಸ್‌ವರ್ಡ್ ಬಳಸಿದರೂ ಇದು ನಡೆಯುತ್ತದೆ. ಆಮೇಲೆ ಬಳಕೆದಾರರ ಕಂಪ್ಯೂಟರ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯನ್ನು ತೋರಿಸಿ, ಇದು ನಡೆಯುತ್ತದೆಯೇ ಎಂದು ಕೇಳುತ್ತದೆ. ಸರ್ವರ್ ಆ ಬಳಕೆದಾರರ ಹೋಮ್ ಫೋಲ್ಡರಿನೊಳಗಿನ ಡಾಟ್‌ಎಸ್‌ಎಸ್‌ಎಚ್ ಎಂಬ ಅಡಗಿದ ಫೋಲ್ಡರಿಗೆ ಹೋಗಿ, ಆಥರೈಜ್ಡ್ ಕೀಸ್ ಎಂಬ ಫೈಲನ್ನು ತೆರೆದು, ಅಲ್ಲಿ ಆ ಕೀಲಿ ಇದೆಯೇ ಎಂದು ಸಾಲುಸಾಲಾಗಿ ನೋಡುತ್ತದೆ. ಇದ್ದರೆ ಒಪ್ಪಿಗೆ. ಆಗ ಬಳಕೆದಾರರ ಕಂಪ್ಯೂಟರ್ ಈ ಸಂಪರ್ಕಕ್ಕೆ ಮಾತ್ರ ಸೇರಿದ ಗುರುತಿನ ಸಂಖ್ಯೆಯೂ ಇರುವ ಒಂದು ಒಕ್ಕಣೆಗೆ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ ಕಳಿಸುತ್ತದೆ. ಸರ್ವರ್ ಅದನ್ನು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸುತ್ತದೆ. ಖಾಸಗಿ ಕೀಲಿ ಜಾಲದ ಮೇಲೆ ಹೋಗುವುದೇ ಇಲ್ಲ. ಸಹಿ ಆ ಒಂದು ಸಂಪರ್ಕಕ್ಕೆ ಮಾತ್ರ ಸೇರಿದ್ದು, ಕದ್ದವರಿಗೆ ಇನ್ನೊಮ್ಮೆ ಬಳಸಲು ಬರುವುದಿಲ್ಲ.

ಈ ಸರಪಳಿಯಲ್ಲಿ ಗಣಿತ ಕೈಕೊಡುವುದು ಇಲ್ಲವೆಂದೇ ಹೇಳಬೇಕು. ಕೈಕೊಡುವುದು ನಡುವಿನ ಕೊಂಡಿ: ಸರ್ವರ್ ಆ ಫೈಲನ್ನು ತೆರೆಯಲಾರದೆ ಹೋಗುತ್ತದೆ, ತೆರೆದರೂ ನಂಬುವುದಿಲ್ಲ, ನಂಬಿದರೂ ಒಳಗಿನ ಸಾಲು ಓದಲು ಬರುವಂತಿರುವುದಿಲ್ಲ.

ಹೊರಗೆ ನಿಂತವರಿಗೆ ಇದು ಯಾವುದೂ ಕಾಣುವುದಿಲ್ಲ. ತೆರೆಯ ಮೇಲೆ ಬರುವುದು ಪರ್ಮಿಷನ್ ಡಿನೈಡ್ ಎಂಬ ಎರಡು ಪದ, ಇಲ್ಲವೇ ಏನೂ ಆಗಿಲ್ಲವೆಂಬಂತೆ ಮತ್ತೆ ಪಾಸ್‌ವರ್ಡಿನ ಪ್ರಶ್ನೆ. ಇದು ಉದ್ದೇಶಪೂರ್ವಕ ಮೌನ. ಬಳಕೆದಾರರ ಹೆಸರು ತಪ್ಪು, ಫೈಲ್ ಇಲ್ಲ, ಕೀಲಿ ಬೇರೆ ಎಂದು ಸರ್ವರ್ ಬಿಡಿಸಿ ಹೇಳಿದರೆ ಬಾಗಿಲು ಮುರಿಯಲು ಬಂದವರಿಗೂ ಅದೇ ಮಾಹಿತಿ ಸಿಗುತ್ತದೆ. ಕಾರಣವನ್ನು ಸರ್ವರ್ ಬರೆದಿಡುವುದು ತನ್ನ ಲಾಗ್ ಫೈಲಿನಲ್ಲಿ. ಉಬುಂಟು, ಡೆಬಿಯನ್‌ಗಳಲ್ಲಿ ವಾರ್ ಫೋಲ್ಡರಿನ ಕೆಳಗಿನ ಲಾಗ್ ಫೋಲ್ಡರಿನಲ್ಲಿ ಆಥ್ ಡಾಟ್ ಲಾಗ್ ಎಂಬ ಹೆಸರಿನಲ್ಲಿ, ರೆಡ್‌ಹ್ಯಾಟ್ ಬಳಗದಲ್ಲಿ ಸೆಕ್ಯೂರ್ ಎಂಬ ಹೆಸರಿನಲ್ಲಿ ಅದು ಇರುತ್ತದೆ. ಹೊಸ ವ್ಯವಸ್ಥೆಗಳಲ್ಲಿ ಜರ್ನಲ್‌ಸಿಟಿಎಲ್ ಆಜ್ಞೆಯಿಂದ ಓದಬಹುದು. ಕೀಲಿ ಲಾಗಿನ್ ಸರಿಹೋಗಲಿಲ್ಲವೆಂದು ಹೊಸ ಕೀಲಿ ಮಾಡುವುದು, ಅದೂ ಆಗಲಿಲ್ಲವೆಂದು ಇನ್ನೊಂದು ಮಾಡುವುದು ವ್ಯರ್ಥ ಶ್ರಮ. ಲಾಗ್ ಫೈಲಿನ ಕೊನೆಯ ಇಪ್ಪತ್ತು ಸಾಲು ಓದುವುದೇ ಮೊದಲ ಕೆಲಸವಾಗಬೇಕು. ಸರ್ವರ್ ಬೇರೆಯವರ ಕೈಯಲ್ಲಿದ್ದರೆ, ಯಾವ ಹೊತ್ತಿಗೆ, ಯಾವ ಬಳಕೆದಾರರ ಹೆಸರಿನಲ್ಲಿ ಪ್ರಯತ್ನಿಸಿದ್ದೆಂದು ಅಲ್ಲಿನ ನಿರ್ವಾಹಕರಿಗೆ ತಿಳಿಸಿ ಆ ಸಾಲುಗಳನ್ನು ಕೇಳಿ ಪಡೆಯಬೇಕು.

ಆ ಲಾಗಿನಲ್ಲಿ ಮತ್ತೆ ಮತ್ತೆ ಸಿಗುವ ದೂರು ಒಂದೇ: ಫೈಲಿನ ಅಥವಾ ಫೋಲ್ಡರಿನ ಒಡೆತನ, ಅನುಮತಿ ಸರಿಯಿಲ್ಲ. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಮೂರು ಅಂಕಿಯ ಅನುಮತಿ ಇದೆ. ಮೊದಲ ಅಂಕಿ ಒಡೆಯರದು, ಎರಡನೆಯದು ಗುಂಪಿನದು, ಮೂರನೆಯದು ಉಳಿದವರೆಲ್ಲರದು. ಓದಲು 4, ಬರೆಯಲು 2, ನಡೆಸಲು 1. ಕೂಡಿದ ಮೊತ್ತವೇ ಆ ಅಂಕಿ. ಫೋಲ್ಡರಿನ ಮಟ್ಟಿಗೆ ಆ 1ರ ಅರ್ಥ ಒಳಗೆ ಹೋಗುವ ಅನುಮತಿ. ಡಾಟ್‌ಎಸ್‌ಎಸ್‌ಎಚ್ ಫೋಲ್ಡರ್ 700, ಆಥರೈಜ್ಡ್ ಕೀಸ್ ಫೈಲ್ 600 ಇರುವುದು ಸರಿಯಾದ ಕ್ರಮ. ಇಷ್ಟನ್ನು ಸಾಮಾನ್ಯವಾಗಿ ಎಲ್ಲರೂ ಮಾಡಿರುತ್ತಾರೆ. ಮರೆತಿರುವುದು ಅದಕ್ಕೂ ಮೇಲಿನ ಹೋಮ್ ಫೋಲ್ಡರನ್ನು. ಗುಂಪಿನವರಿಗಾಗಲಿ ಉಳಿದವರಿಗಾಗಲಿ ಹೋಮ್ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇದ್ದರೆ ಒಳಗಿನ ಕೀಲಿ ಎಷ್ಟೇ ಸರಿಯಿದ್ದರೂ ಎಸ್‌ಎಸ್‌ಎಚ್ ಅದನ್ನು ತಿರಸ್ಕರಿಸುತ್ತದೆ.

ಈ ಕಟ್ಟುನಿಟ್ಟಿಗೆ ಗಟ್ಟಿ ಕಾರಣವಿದೆ. ಒಂದು ಫೋಲ್ಡರಿನಲ್ಲಿ ಬರೆಯಬಲ್ಲವರು ಅದರೊಳಗಿನ ಇನ್ನೊಂದು ಫೋಲ್ಡರಿನ ಹೆಸರನ್ನೂ ಬದಲಿಸಬಲ್ಲರು, ಆ ಒಳಫೋಲ್ಡರ್ 700 ಇದ್ದರೂ. ಹಳೆಯ ಡಾಟ್‌ಎಸ್‌ಎಸ್‌ಎಚ್ ಫೋಲ್ಡರನ್ನು ಪಕ್ಕಕ್ಕೆ ಸರಿಸಿ, ಅದೇ ಹೆಸರಿನಲ್ಲಿ ತಮ್ಮ ಕೀಲಿ ಇಟ್ಟ ಹೊಸದೊಂದನ್ನು ಮಾಡಿದರೆ ಅವರು ಬೇರೊಬ್ಬರ ಹೆಸರಿನಲ್ಲಿ ಒಳಬರಬಹುದು. ಅದನ್ನು ತಡೆಯಲೆಂದೇ ಸ್ಟ್ರಿಕ್ಟ್ ಮೋಡ್ಸ್ ಎಂಬ ತಪಾಸಣೆ ಮೊದಲಿನಿಂದಲೇ ಚಾಲೂ ಇರುತ್ತದೆ. ವರ್ಕ್‌ಶಾಪಿನ ಎಲ್ಲರೂ ಒಂದೇ ಜಾಗದಲ್ಲಿ ಡ್ರಾಯಿಂಗ್ ಇಡಲೆಂದು ಯಾರದೋ ಹೋಮ್ ಫೋಲ್ಡರಿಗೆ 777 ಕೊಟ್ಟಿದ್ದರೆ, ಆ ಖಾತೆಗೆ ಕೀಲಿ ಲಾಗಿನ್ ನಿಂತುಹೋಗುವುದು ಸಹಜ. ಕೆಲಸ ಆಗದಿದ್ದಾಗ ಇನ್ನಷ್ಟು ಫೋಲ್ಡರುಗಳಿಗೆ 777 ಕೊಡುತ್ತ ಹೋಗುವುದು ಬಹಳ ಕಡೆ ಕಾಣುವ ಅಭ್ಯಾಸ. ಅದರಿಂದ ಲಾಗಿನ್ ಸರಿಹೋಗುವುದಿಲ್ಲ. ಸರ್ವರ್ ಮಾತ್ರ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಇಲ್ಲಿ ಪರಿಹಾರ ಸಡಿಲಿಸುವುದರಲ್ಲಿಲ್ಲ, ಬಿಗಿ ಮಾಡುವುದರಲ್ಲಿದೆ. ಹಂಚಿಕೊಳ್ಳುವ ಫೈಲುಗಳಿಗೆ ಬೇರೆಯೇ ಫೋಲ್ಡರ್ ಮಾಡಿ, ಹೋಮ್ ಫೋಲ್ಡರನ್ನು 755ಕ್ಕೋ 700ಕ್ಕೋ ಇಳಿಸಬೇಕು. ಸ್ಟ್ರಿಕ್ಟ್ ಮೋಡ್ಸನ್ನೇ ಆರಿಸಿಬಿಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ; ಅದನ್ನು ಒಪ್ಪಬಾರದು.

ಅನುಮತಿಯ ಅಂಕಿ ಸರಿಯಿದ್ದೂ ಒಡೆತನ ತಪ್ಪಿರಬಹುದು. ನಿರ್ವಾಹಕರು ಎಲ್ಲ ಅಧಿಕಾರವಿರುವ ರೂಟ್ ಖಾತೆಯಲ್ಲಿದ್ದುಕೊಂಡು ಬೇರೊಬ್ಬರಿಗಾಗಿ ಫೋಲ್ಡರ್ ಮಾಡಿ, ಕೀಲಿ ಹಾಕಿ, 600 ಕೊಟ್ಟರೆ ಆ ಫೈಲಿನ ಒಡೆತನ ರೂಟಿನದಾಗಿ ಉಳಿಯುತ್ತದೆ. ಎಸ್‌ಎಸ್‌ಎಚ್ ಆ ಫೈಲನ್ನು ಓದುವುದು ಬಳಕೆದಾರರ ಅಧಿಕಾರದಲ್ಲಿ. ರೂಟಿಗೆ ಮಾತ್ರ ಓದಲು ಬಿಟ್ಟ ಫೈಲ್ ಅವರಿಗೆ ತೆರೆಯದು. ಚೌನ್ ಆಜ್ಞೆಯಿಂದ ಒಡೆತನ ಬದಲಿಸಿದರೆ ಸಾಕು. ರೆಡ್‌ಹ್ಯಾಟ್ ಬಳಗದ ಸರ್ವರುಗಳಲ್ಲಿ ಇನ್ನೊಂದು ಪದರವಿದೆ. ಅಲ್ಲಿನ ಎಸ್‌ಇಲಿನಕ್ಸ್ ಎಂಬ ಕಾವಲು ಪ್ರತಿ ಫೈಲಿಗೂ ಒಂದು ಗುರುತುಚೀಟಿ ಅಂಟಿಸುತ್ತದೆ. ಡಾಟ್‌ಎಸ್‌ಎಸ್‌ಎಚ್ ಫೋಲ್ಡರನ್ನು ಬೇರೆಡೆಯಿಂದ ಸರಿಸಿ ತಂದಿದ್ದರೆ ಹಳೆಯ ಜಾಗದ ಚೀಟಿಯೇ ಉಳಿದು, ಅಂಕಿ ಒಡೆತನ ಎರಡೂ ಸರಿಯಿದ್ದರೂ ಪ್ರವೇಶ ಸಿಗುವುದಿಲ್ಲ. ರೀಸ್ಟೋರ್‌ಕಾನ್ ಆಜ್ಞೆ ಚೀಟಿಯನ್ನು ಸರಿಮಾಡುತ್ತದೆ. ಹೋಮ್ ಫೋಲ್ಡರನ್ನೇ ಎನ್‌ಕ್ರಿಪ್ಟ್ ಮಾಡಿಟ್ಟಿದ್ದರೆ ತೊಡಕು ಇನ್ನೂ ವಿಚಿತ್ರ: ಅದು ತೆರೆಯುವುದು ಲಾಗಿನ್ ಆದ ಮೇಲೆ, ಲಾಗಿನ್‌ಗೆ ಬೇಕಾದ ಕೀಲಿ ಅದರೊಳಗೆ. ಅಂಥ ಕಡೆ ಆಥರೈಜ್ಡ್ ಕೀಸ್ ಫೈಲನ್ನು ಹೋಮ್ ಫೋಲ್ಡರಿನ ಹೊರಗೆ ಇಟ್ಟು, ಅದರ ಜಾಗವನ್ನು ಸರ್ವರಿನ ಸಂರಚನೆಯಲ್ಲಿ ಬರೆಯಬೇಕು.

ಕೀಲಿಯ ಸಾಲು ಹಾಳಾಗುವುದು ಇನ್ನೊಂದು ದೊಡ್ಡ ಕಾರಣ. ಸಾರ್ವಜನಿಕ ಕೀಲಿ ಎಷ್ಟೇ ಉದ್ದವಿದ್ದರೂ ಒಂದೇ ಸಾಲಿನಲ್ಲಿರಬೇಕು. ಮೊದಲು ಕೀಲಿಯ ಬಗೆ, ಆಮೇಲೆ ಇಂಗ್ಲಿಷಿನ ನಾಲ್ಕು ದೊಡ್ಡ ಎ ಅಕ್ಷರಗಳಿಂದ ಶುರುವಾಗುವ ಉದ್ದನೆಯ ಅಕ್ಷರಮಾಲೆ, ಕೊನೆಗೆ ಗುರುತಿಗಾಗಿ ಒಂದು ಟಿಪ್ಪಣಿ. ಇಮೇಲಿನಿಂದಲೋ ವಾಟ್ಸ್ಆ್ಯಪ್‌ನಿಂದಲೋ ತೆಗೆದು ಅಂಟಿಸುವಾಗ ನಡುವೆ ಸಾಲು ಮುರಿದರೆ ಕೀಲಿ ಕೆಟ್ಟಂತೆ. ವಿಐ ಎಡಿಟರಿನಲ್ಲಿ ಬರೆಯುವ ಸ್ಥಿತಿಗೆ ಹೋಗದೆ ಅಂಟಿಸಿದರೆ ಮೊದಲ ಕೆಲವು ಅಕ್ಷರಗಳನ್ನು ಎಡಿಟರ್ ಆಜ್ಞೆಯೆಂದು ನುಂಗಿ, ಉಳಿದದ್ದನ್ನು ಮಾತ್ರ ಬರೆಯುತ್ತದೆ. ಕಣ್ಣಿಗೆ ಕೀಲಿ ಇದ್ದಂತೆಯೇ ತೋರುತ್ತದೆ. ಕೈಯಿಂದ ಅಂಟಿಸುವ ಬದಲು ಎಸ್‌ಎಸ್‌ಎಚ್ ಕಾಪಿ ಐಡಿ ಎಂಬ ಆಜ್ಞೆ ಬಳಸುವುದು ಮೇಲು. ಅದು ಫೋಲ್ಡರ್ ಇಲ್ಲದಿದ್ದರೆ ಮಾಡಿ, ಸಾಲನ್ನು ಸರಿಯಾಗಿ ಸೇರಿಸುತ್ತದೆ.

ವಿಂಡೋಸ್ ಬಳಸುವ ಕಚೇರಿಗಳಲ್ಲಿ ಇದೇ ಎಡವಟ್ಟು ಬೇರೆ ರೂಪದಲ್ಲಿ ಬರುತ್ತದೆ. ಸೈಮನ್ ಟ್ಯಾಥಮ್ ಬರೆದ ಪುಟ್ಟಿ ಎಂಬ ತಂತ್ರಾಂಶ ಅಲ್ಲಿ ಜನಪ್ರಿಯ. ಅದರ ಜೊತೆಗೆ ಬರುವ ಪುಟ್ಟಿಜೆನ್ ಕೀಲಿ ತಯಾರಿಸುತ್ತದೆ. ಅದರಲ್ಲಿ ಸಾರ್ವಜನಿಕ ಕೀಲಿಯನ್ನು ಉಳಿಸುವ ಗುಂಡಿ ಒತ್ತಿದರೆ ಸಿಗುವುದು ಹಲವು ಸಾಲುಗಳ ಬೇರೊಂದು ನಮೂನೆ; ಓಪನ್ಎಸ್‌ಎಸ್‌ಎಚ್ ಸರ್ವರಿಗೆ ಅದು ಅರ್ಥವಾಗದು. ಕಿಟಕಿಯ ಮೇಲ್ಭಾಗದ ಚೌಕದಲ್ಲಿ ಕಾಣುವ ಒಂದೇ ಉದ್ದ ಸಾಲನ್ನು ಪೂರ್ತಿ ಆಯ್ದು ನಕಲಿಸಬೇಕು. 2018ರಿಂದ ವಿಂಡೋಸ್ 10ರಲ್ಲಿ ಓಪನ್ಎಸ್‌ಎಸ್‌ಎಚ್ ಕ್ಲೈಂಟ್ ತಾನಾಗಿಯೇ ಬರುತ್ತಿರುವುದರಿಂದ ಪುಟ್ಟಿ ಇಲ್ಲದೆಯೂ ಕೆಲಸ ನಡೆಯುತ್ತದೆ. ದೂರದ ಕಂಪ್ಯೂಟರೇ ವಿಂಡೋಸ್ ಆಗಿದ್ದರೆ ಒಂದು ಮಾತು ನೆನಪಿಡಬೇಕು. ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿದ ಖಾತೆಯ ಕೀಲಿಯನ್ನು ಅಲ್ಲಿನ ಎಸ್‌ಎಸ್‌ಎಚ್ ಸರ್ವರ್ ಹೋಮ್ ಫೋಲ್ಡರಿನಲ್ಲಿ ಹುಡುಕುವುದೇ ಇಲ್ಲ. ಪ್ರೋಗ್ರಾಂಡೇಟಾ ಫೋಲ್ಡರಿನೊಳಗಿನ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ಅಡ್ಮಿನಿಸ್ಟ್ರೇಟರುಗಳಿಗೆಂದೇ ಇರುವ ಪ್ರತ್ಯೇಕ ಆಥರೈಜ್ಡ್ ಕೀಸ್ ಫೈಲನ್ನು ನೋಡುತ್ತದೆ. ಇದು ಗೊತ್ತಿಲ್ಲದೆ ದಿನಗಟ್ಟಲೆ ಪರದಾಡಬಹುದು.

ಬಳಕೆದಾರರ ಕಡೆಯ ತೊಂದರೆಗಳನ್ನು ಪತ್ತೆಮಾಡುವುದು ಸುಲಭ. ಎಸ್‌ಎಸ್‌ಎಚ್ ಆಜ್ಞೆಗೆ ಅಡ್ಡಗೆರೆ ವಿ ಸೇರಿಸಿ ಕೊಟ್ಟರೆ ಅದು ಪ್ರತಿ ಹೆಜ್ಜೆಯನ್ನೂ ತೆರೆಯ ಮೇಲೆ ಬರೆಯುತ್ತದೆ: ಯಾವ ಕೀಲಿಯನ್ನು ತೋರಿಸಿತು, ಸರ್ವರ್ ಒಪ್ಪಿತೇ, ಮುಂದೆ ಯಾವ ವಿಧಾನಕ್ಕೆ ಹೋಯಿತು. ಬೇಕಾದ ಕೀಲಿಯ ಹೆಸರೇ ಅಲ್ಲಿ ಕಾಣದಿದ್ದರೆ ಕೀಲಿ ಬೇರೆ ಜಾಗದಲ್ಲಿದೆ, ಇಲ್ಲವೇ ಹೆಸರು ಬೇರೆ. ಖಾಸಗಿ ಕೀಲಿಯನ್ನು ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ದೊಡ್ಡ ಎಚ್ಚರಿಕೆ ತೋರಿಸಿ ಅದನ್ನು ಬಿಟ್ಟೇಬಿಡುತ್ತದೆ. ಪೆನ್‌ಡ್ರೈವಿನಿಂದ ನಕಲು ಮಾಡಿದ ಕೀಲಿಗಳಿಗೆ ಹೀಗಾಗುವುದು ಹೆಚ್ಚು. ಹತ್ತಾರು ಸರ್ವರುಗಳಿಗೆ ಹತ್ತಾರು ಕೀಲಿ ಇಟ್ಟುಕೊಂಡವರಿಗೆ ಇನ್ನೊಂದು ತಾಪತ್ರಯ. ಒಂದು ಸಂಪರ್ಕದಲ್ಲಿ ಸರ್ವರ್ ಸಹಿಸುವ ಪ್ರಯತ್ನಗಳು ಸಾಮಾನ್ಯವಾಗಿ ಆರು. ತೋರಿಸಿದ ಪ್ರತಿ ಕೀಲಿಯೂ ಒಂದು ಪ್ರಯತ್ನವಾದ್ದರಿಂದ, ಸರಿಯಾದ ಕೀಲಿಯ ಸರದಿ ಬರುವ ಮೊದಲೇ ಬಾಗಿಲು ಮುಚ್ಚಿರುತ್ತದೆ. ಯಾವ ಸರ್ವರಿಗೆ ಯಾವ ಕೀಲಿ ಎಂದು ಕಾನ್ಫಿಗ್ ಫೈಲಿನಲ್ಲಿ ಬರೆದು, ಐಡೆಂಟಿಟೀಸ್ ಓನ್ಲಿ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಈ ತಾಪತ್ರಯ ನಿಲ್ಲುತ್ತದೆ.

ಕೆಲವೊಮ್ಮೆ ಕೀಲಿ ಕೆಲಸ ಮಾಡುತ್ತಿದ್ದರೂ ಮಾಡುತ್ತಿಲ್ಲ ಎನ್ನಿಸುತ್ತದೆ. ಕೀಲಿ ತಯಾರಿಸುವಾಗ ಕೊಟ್ಟ ಪಾಸ್‌ಫ್ರೇಸ್ ಖಾಸಗಿ ಕೀಲಿಯ ಫೈಲನ್ನೇ ಎನ್‌ಕ್ರಿಪ್ಟ್ ಮಾಡಿಡುತ್ತದೆ. ಅದನ್ನು ಕೇಳುವುದು ಎದುರಿಗಿರುವ ಕಂಪ್ಯೂಟರ್, ದೂರದ್ದಲ್ಲ. ಅದನ್ನು ಸರ್ವರಿನ ಪಾಸ್‌ವರ್ಡ್ ಪ್ರಶ್ನೆ ಎಂದುಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡುವವರಿದ್ದಾರೆ. ಪಾಸ್‌ಫ್ರೇಸ್ ಬೇಡವೆಂದು ಬಿಡುವುದು ಅವಸರದ ನಿರ್ಧಾರ, ಏಕೆಂದರೆ ಲ್ಯಾಪ್‌ಟಾಪ್ ಕಳೆದುಹೋದರೆ ಆ ಕೀಲಿಗೆ ಅದೊಂದೇ ರಕ್ಷಣೆ. ಎಸ್‌ಎಸ್‌ಎಚ್ ಏಜೆಂಟ್ ಎಂಬ ಸಹಾಯಕ ಅದನ್ನು ಒಮ್ಮೆ ಕೇಳಿಕೊಂಡು, ಬಿಚ್ಚಿದ ಕೀಲಿಯನ್ನು ದಿನವಿಡೀ ನೆನಪಿಟ್ಟುಕೊಳ್ಳುತ್ತದೆ.

ನಿನ್ನೆಯವರೆಗೆ ನಡೆಯುತ್ತಿದ್ದ ಕೀಲಿ ಸರ್ವರ್ ಅಪ್‌ಡೇಟ್ ಆದ ಮೇಲೆ ನಿಂತರೆ, ಸಂಶಯಪಡಬೇಕಾದದ್ದು ಕೀಲಿಯ ಹಳೆತನವನ್ನು. ಡಿಎಸ್‌ಎ ಬಗೆಯ ಕೀಲಿಗಳಿಗೆ ಓಪನ್ಎಸ್‌ಎಸ್‌ಎಚ್ 2015ರಲ್ಲೇ ಬಾಗಿಲು ಮುಚ್ಚಿತು. 2021ರ ಸೆಪ್ಟೆಂಬರಿನಲ್ಲಿ ಬಂದ 8.8ನೇ ಆವೃತ್ತಿ, ದುರ್ಬಲವಾದ ಎಸ್‌ಎಚ್‌ಎ-1 ಬಳಸಿ ಆರ್‌ಎಸ್‌ಎ ಕೀಲಿಯಿಂದ ಹಾಕುವ ಸಹಿಯನ್ನು ನಿರಾಕರಿಸತೊಡಗಿತು. ಆರ್‌ಎಸ್‌ಎ ಕೀಲಿಯೇ ಕೆಟ್ಟದೆಂದು ಇದರ ಅರ್ಥವಲ್ಲ; ಅದೇ ಕೀಲಿ ಹೊಸ ಎಸ್‌ಎಚ್‌ಎ-2 ವಿಧಾನದಲ್ಲಿ ಸಹಿ ಹಾಕಿದರೆ ನಡೆಯುತ್ತದೆ. ಯಂತ್ರಕ್ಕೆ ಅಂಟಿದ ಹಳೆಯ ನಿಯಂತ್ರಕಗಳಲ್ಲಿ, ವರ್ಷಗಟ್ಟಲೆ ಅಪ್‌ಡೇಟ್ ಕಾಣದ ತಂತ್ರಾಂಶಗಳಲ್ಲಿ ಆ ಹೊಸ ವಿಧಾನ ಇಲ್ಲದಿರುವುದರಿಂದ ಕಾರ್ಖಾನೆಗಳಿಗೆ ಈ ಪೆಟ್ಟು ಹೆಚ್ಚು. ಹೊಸದಾಗಿ ಕೀಲಿ ಮಾಡುವವರಿಗೆ 2011ರಲ್ಲಿ ಡೇನಿಯಲ್ ಬರ್ನ್‌ಸ್ಟೀನ್ ಮತ್ತು ಸಂಗಡಿಗರು ರೂಪಿಸಿದ ಇಡಿ25519 ಉತ್ತಮ. ಕೀಲಿ ಚಿಕ್ಕದು, ವೇಗ ಹೆಚ್ಚು. ಓಪನ್ಎಸ್‌ಎಸ್‌ಎಚ್ 2014ರಿಂದ ಅದನ್ನು ಬಲ್ಲದು.

ಕೀಲಿಯ ಬಲ ಅದನ್ನು ಹುಟ್ಟಿಸಿದ ಯಾದೃಚ್ಛಿಕ ಸಂಖ್ಯೆಯ ಬಲವೂ ಹೌದು. 2006ರಲ್ಲಿ, ಆ ಸಂಖ್ಯೆಯನ್ನು ಒದಗಿಸುವ ಡೆಬಿಯನ್‌ನ ಓಪನ್ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಯಿಂದ, ಒಂದೇ ಬಗೆಯ ಮತ್ತು ಒಂದೇ ಅಳತೆಯ ಕೀಲಿಗಳು ಬರೀ 32 ಸಾವಿರ ಚಿಲ್ಲರೆ ಸಾಧ್ಯತೆಗಳಿಗೆ ಇಳಿದುಬಿಟ್ಟವು. ಅದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಆ ಅವಧಿಯಲ್ಲಿ ಡೆಬಿಯನ್, ಉಬುಂಟುಗಳಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು.

ಕೀಲಿಯಲ್ಲಿ ತಪ್ಪಿಲ್ಲದಿದ್ದರೆ ಸಂರಚನೆಯನ್ನೂ ನೋಡಬೇಕು. ಸರ್ವರಿನ ಸಂರಚನೆಯ ಫೈಲಿನಲ್ಲಿ ಒಂದೇ ಆಯ್ಕೆ ಎರಡು ಕಡೆ ಬಂದರೆ ಮೊದಲು ಸಿಕ್ಕಿದ್ದು ಗೆಲ್ಲುತ್ತದೆ. ಹೊಸ ಉಬುಂಟುವಿನಲ್ಲಿ ಪಕ್ಕದ ಫೋಲ್ಡರಿನ ತುಣುಕು ಫೈಲುಗಳು ಮೊದಲು ಓದಿಸಿಕೊಳ್ಳುವುದರಿಂದ, ಮುಖ್ಯ ಫೈಲಿನಲ್ಲಿ ಬದಲಿಸಿದ್ದು ಫಲ ಕೊಡದಿರಬಹುದು. ಎಸ್‌ಎಸ್‌ಎಚ್‌ಡಿ ಆಜ್ಞೆಗೆ ದೊಡ್ಡ ಟಿ ಅಕ್ಷರ ಸೇರಿಸಿದರೆ ಕೊನೆಗೆ ಜಾರಿಯಾಗುವ ಮೌಲ್ಯಗಳು ಕಾಣುತ್ತವೆ. ಚಿಕ್ಕ ಟಿ ಸೇರಿಸಿದರೆ ಬರವಣಿಗೆಯ ತಪ್ಪುಗಳು. ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವ ಮೊದಲು ತೆರೆದಿರುವ ಒಂದು ಸಂಪರ್ಕವನ್ನು ಹಾಗೆಯೇ ಬಿಟ್ಟು, ಇನ್ನೊಂದು ಕಿಟಕಿಯಿಂದ ಕೀಲಿ ಲಾಗಿನ್ ಪರೀಕ್ಷಿಸಬೇಕು. ಬೀದರಿನಲ್ಲಿರುವ ಸರ್ವರಿನ ಬಾಗಿಲನ್ನು ಬಾಲಾನಗರದಲ್ಲಿ ಕೂತು ಮುಚ್ಚಿಕೊಂಡರೆ, ಅದನ್ನು ತೆರೆಯಲು ಬಸ್ಸು ಹತ್ತಬೇಕಾಗುತ್ತದೆ.

ಕೈಯಿಂದ ಮಾಡಿದಾಗ ನಡೆದ ಕೀಲಿ, ರಾತ್ರಿಯ ಬ್ಯಾಕಪ್‌ನಲ್ಲಿ ನಡೆಯದಿರುವುದು ಕೊನೆಯ ತೊಡಕು. ನಿಗದಿತ ಹೊತ್ತಿಗೆ ಆಜ್ಞೆಗಳನ್ನು ನಡೆಸುವ ಕ್ರಾನ್ ಮೂಲಕ ನಡೆಯುವ ಕೆಲಸಕ್ಕೆ ಹಗಲಿನ ಏಜೆಂಟ್ ಸಿಗುವುದಿಲ್ಲ. ಕೆಲಸ ರೂಟ್ ಹೆಸರಿನಲ್ಲಿ ನಡೆದರೆ ಕೀಲಿಯನ್ನು ಹುಡುಕುವುದೂ ರೂಟಿನ ಫೋಲ್ಡರಿನಲ್ಲಿ. ದೂರದ ಸರ್ವರಿನ ಗುರುತನ್ನು ಮೊದಲ ಬಾರಿ ಒಪ್ಪುವ ಪ್ರಶ್ನೆಗೆ ಹೌದು ಎನ್ನಲು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಬ್ಯಾಕಪ್‌ಗೆಂದೇ ಪಾಸ್‌ಫ್ರೇಸ್ ಇಲ್ಲದ ಪ್ರತ್ಯೇಕ ಕೀಲಿ ಮಾಡಿ, ಸರ್ವರಿನ ಗುರುತನ್ನು ಮೊದಲೇ ತಾಳೆ ನೋಡಿ ಉಳಿಸಿಡಬೇಕು. ಕಾವಲಿಲ್ಲದ ಕೀಲಿಯಾದ್ದರಿಂದ ಅದರ ಅಧಿಕಾರವನ್ನು ಕಡಿತಗೊಳಿಸಲೇಬೇಕು. ಆಥರೈಜ್ಡ್ ಕೀಸ್ ಫೈಲಿನ ಅದೇ ಸಾಲಿನ ಮೊದಲಲ್ಲಿ, ಈ ಕೀಲಿ ಯಾವ ವಿಳಾಸದಿಂದ ಬರಬೇಕು, ಯಾವ ಒಂದು ಆಜ್ಞೆಯನ್ನು ಮಾತ್ರ ನಡೆಸಬೇಕು ಎಂದು ಬರೆಯಬಹುದು. 2018ರಿಂದ ಅವಧಿ ಮುಗಿಯುವ ದಿನಾಂಕವನ್ನೂ ನಮೂದಿಸಬಹುದು.

ದಿನಾಂಕ ಬರೆಯದ ಕೀಲಿಗೆ ಅವಧಿಯೇ ಇಲ್ಲ. ಕೆಲಸ ಬಿಟ್ಟುಹೋದವರ ಕೀಲಿ ಅವರ ಪಾಸ್‌ವರ್ಡ್ ಬದಲಿಸಿದ ಮೇಲೂ ನಡೆಯುತ್ತದೆ. ಹತ್ತು ಜನ ಒಂದೇ ಕೀಲಿ ಹಂಚಿಕೊಂಡಿದ್ದರೆ ಒಬ್ಬರನ್ನು ಮಾತ್ರ ತಡೆಯುವ ದಾರಿಯೇ ಇರದು. ಒಬ್ಬರಿಗೆ ಒಂದು ಕೀಲಿ, ಸಾಲಿನ ಕೊನೆಯ ಟಿಪ್ಪಣಿಯಲ್ಲಿ ಅವರ ಹೆಸರು ಎಂಬ ಪದ್ಧತಿ ಇದ್ದರೆ ತೆಗೆಯುವುದು ಸುಲಭ. ಯಾರು ಯಾವಾಗ ಬಂದರೆಂಬುದೂ ಲಾಗಿನಲ್ಲಿ ಸಿಗುತ್ತದೆ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ಇಂಥ ಲಾಗುಗಳನ್ನು 180 ದಿನ ಕಾದಿಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಕೀಲಿಯ ಸಾಲನ್ನು ಅಳಿಸಿದ ಕ್ಷಣದಿಂದ ಆ ಕೀಲಿಗೆ ಹೊಸ ಲಾಗಿನ್ ಸಿಗುವುದಿಲ್ಲ. ಆಗಲೇ ಒಳಗಿರುವ ಸಂಪರ್ಕ ಮಾತ್ರ ಅದರಿಂದ ಕಡಿದುಹೋಗದು. ಅದನ್ನು ಹುಡುಕಿ ಬೇರೆಯಾಗಿ ಮುಚ್ಚಬೇಕು.